ಮಂಕಾದ ಫೈಬರ್ ದೋಣಿಗೆ ಮತ್ತೆ ಹೊಳಪು: ಅರ್ಧ ಮಿಲಿಮೀಟರ್‌ನ ಲೆಕ್ಕಾಚಾರ

ಮೈಸೂರು, ಮಂಡ್ಯ ಕಡೆಯ ಕೆರೆ, ಹಿನ್ನೀರುಗಳಲ್ಲಿ ಓಡಾಡುವ ಫೈಬರ್ ದೋಣಿಗೆ ಪೆಟ್ಟು ಬೀಳುವುದು ಎರಡು ಕಡೆಯಿಂದ: ಮೇಲಿನಿಂದ ಬಿಸಿಲು, ಕೆಳಗಿನಿಂದ ಕಲ್ಲು. ಕೃಷ್ಣರಾಜಸಾಗರ ತುಂಬಿ 124.80 ಅಡಿ ಮುಟ್ಟಿದಾಗ ದೋಣಿ ಸಲೀಸಾಗಿ ದಡ ಸೇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಕಲ್ಲು, ಹಳೇ ಮರದ ಬೊಡ್ಡೆಗಳು ಮೇಲೆದ್ದಾಗ ಅದೇ ದೋಣಿಯನ್ನು ದಡಕ್ಕೆ ಎಳೆದಷ್ಟೂ ತಳ ಗೀರುತ್ತದೆ. ದಸರೆಗೆ ಜನ ಬರುವ ಮುಂಚೆ ಎಲ್ಲ ದೋಣಿಗಳೂ ಹೊಳೆಯಬೇಕೆಂಬ ಅವಸರ ಬೇರೆ. ಆ ಅವಸರದಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ: ದೋಣಿಗೆ ಏನಾಗಿದೆ ಎಂದು ನೋಡುವ ಮೊದಲೇ 220ರ ಒರಟು ಮರಳು ಕಾಗದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಹಿಡಿದು ಉಜ್ಜಲು ಕೂರುವುದು.

ಫೈಬರ್ ದೋಣಿಯ ಹೊರಮೈ ಮೇಲಿಂದ ಬಳಿದ ಬಣ್ಣವಲ್ಲ. ದೋಣಿಯನ್ನು ಅಚ್ಚಿನಲ್ಲಿ ಎರೆಯುವಾಗ ಎಲ್ಲಕ್ಕಿಂತ ಮೊದಲು ಅಚ್ಚಿನ ಮೈಗೆ ಹಚ್ಚುವ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ನಿನ ಪದರ ಅದು. ಜೆಲ್‌ಕೋಟ್ ಎನ್ನುವುದು ಅದನ್ನೇ. ಗಾಜಿನ ನಾರು ಬರುವುದು ಅದರ ಹಿಂದೆ. ಹೊಸ ದೋಣಿಯಲ್ಲಿ ಜೆಲ್‌ಕೋಟ್ ದಪ್ಪ ಸುಮಾರು 0.4ರಿಂದ 0.6 ಮಿಲಿಮೀಟರ್, ಅಂಚು, ಮೂಲೆಗಳಲ್ಲಿ ಇನ್ನೂ ತೆಳು. ಹೊಳಪು ಬರಿಸುವುದು ಎಂದರೆ ಈ ಪದರವನ್ನೇ ಒಂದಿಷ್ಟು ಸವೆಸಿ, ಒಳಗಿನ ಕೆಡದ ಮೈಯನ್ನು ಹೊರಗೆ ತರುವುದು. ದೋಣಿಯ ಆಯುಷ್ಯಕ್ಕೆಲ್ಲ ಸೇರಿ ಸಿಕ್ಕಿರುವ ಇಡುಗಂಟು ಅಷ್ಟೇ. ಆದ್ದರಿಂದ ಅತಿ ನಯವಾದ ದಾರಿಯಿಂದ ಶುರು ಮಾಡಿ, ಸಾಕಾದ ಕಡೆ ಕೈ ತಡೆಯಬೇಕು. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಕಾಗದ ಮುಟ್ಟುವ ಮೊದಲು

ದೋಣಿಯ ಪಕ್ಕದ ಮೇಲೆ ಒಣಗಿದ ಅಂಗೈ ಎಳೆಯಿರಿ. ಸೀಮೆಸುಣ್ಣ ಹಿಡಿದ ಕೈಯಂತೆ ಬಿಳಿ ಪುಡಿ ಮೆತ್ತಿಕೊಂಡರೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ರೆಸಿನ್ ಒಡೆದು ಮೇಲ್ಮೈ ಪುಡಿಯಾಗಿದೆ ಎಂದರ್ಥ. ಅದೇ ಜಾಗಕ್ಕೆ ಒದ್ದೆ ಬಟ್ಟೆ ಎಳೆದು ನೋಡಿ. ಒದ್ದೆ ಇರುವಷ್ಟು ಹೊತ್ತು ನೀಲಿಯೋ ಕೆಂಪೋ ಗಾಢವಾಗಿ ಕಂಡು, ಆರಿದ ಮೇಲೆ ಮತ್ತೆ ಮಂಕಾದರೆ ಒಳ್ಳೆಯ ಸುದ್ದಿ: ಬಣ್ಣ ಒಳಗೆ ಜೀವಂತವಾಗಿದೆ, ಮೇಲಿನ ಪುಡಿ ತೆಗೆದರೆ ಸಾಕು. ಒದ್ದೆ ಮಾಡಿದರೂ ತೇಪೆ ತೇಪೆಯಾಗಿ ಮಸುಕಾಗಿಯೇ ಉಳಿದರೆ, ಇಲ್ಲವೇ ನಾರಿನ ಹೆಣಿಗೆ ನೆರಳಿನಂತೆ ಕಾಣತೊಡಗಿದರೆ ಜೆಲ್‌ಕೋಟ್ ಮುಗಿಯುತ್ತ ಬಂದಿದೆ. ಅಲ್ಲಿ ಉಜ್ಜಬೇಡಿ. ಅಂಥ ದೋಣಿಗೆ ಎಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಡಬ್ಬಿಯಲ್ಲಿ ಬರುವ, ಬೆರೆಸಿ ಹಚ್ಚುವ ಪಾಲಿಯೂರಿಥೇನ್ ಬಣ್ಣ ಕೊಡುವುದು ಒಳ್ಳೆಯ ದಾರಿ.

ಗೀರಿಗೆ ಉಗುರಿನ ಪರೀಕ್ಷೆ. ಅಡ್ಡಲಾಗಿ ಉಗುರು ಎಳೆದಾಗ ಜಾರಿ ಹೋದರೆ ಉಜ್ಜಿ ತೆಗೆಯಬಹುದು. ಉಗುರು ಸಿಕ್ಕಿಕೊಂಡರೆ ತುಂಬಬೇಕು. ಅದನ್ನೂ ಉಜ್ಜಿಯೇ ತೆಗೆಯಲು ಹೋದರೆ ಒಂದು ಗೀರಿಗಾಗಿ ಸುತ್ತಲಿನ ಒಂದು ಅಡಿ ಜಾಗದ ಜೆಲ್‌ಕೋಟ್ ಕರಗುತ್ತದೆ. ಜೇಡರ ಬಲೆಯಂಥ ಸಣ್ಣ ಬಿರುಕುಗಳ ಕಥೆ ಬೇರೆ. ಹೆಚ್ಚಿನವು ಮೇಲಿನಿಂದ ಬಂದವಲ್ಲ. ಒಳಗಿನ ಪದರ ಬಾಗಿ ಬಾಗಿ ಎದ್ದವು. ಒಳಗಿನಿಂದ ನಾರಿನ ಪದರ ಸೇರಿಸಿ ಬಿಗಿ ಮಾಡದೆ ಮೇಲೆ ಎಷ್ಟು ಸಲ ತುಂಬಿದರೂ ಮತ್ತೆ ಬಿಡುತ್ತವೆ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಹಳೇ ದೋಣಿಗೆ ಯಾರೋ ಹಿಂದೆಯೇ ಎನಾಮೆಲ್ ಬಳಿದಿರಬಹುದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಅರ್ಧ ನಿಮಿಷ ಒರೆಸಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಹತ್ತಿದರೆ ಅದು ಎನಾಮೆಲ್. ಅದಕ್ಕೆ ಬಫಿಂಗ್ (ಯಂತ್ರಕ್ಕೆ ಪ್ಯಾಡ್ ಸಿಕ್ಕಿಸಿ ಹೊಳಪು ಕೊಡುವುದು) ಮಾಡಿದರೆ ಎರಡು ನಿಮಿಷಕ್ಕೆ ತೂತು ಬಿದ್ದು ಹಿಂದಿನ ಬಣ್ಣ ಇಣುಕುತ್ತದೆ.

ಕಾಲ, ಜಾಗ

ಜುಲೈ, ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲುತ್ತದೆ. ಕಾವೇರಿ ಪಾತ್ರದಲ್ಲಿ ದೋಣಿಗೆ ಬಿಡುವು ಸಿಗುವ ಕಾಲ ಅದೇ. ಆದರೆ ಗೀರು ತುಂಬುವ ಕೆಲಸಕ್ಕೆ ಆ ತೇವ ಹೊಂದುವುದಿಲ್ಲ. ಹೀಗೆ ಹಂಚಿಕೊಳ್ಳಿ: ಮಳೆಗಾಲದಲ್ಲಿ ಶೆಡ್ಡಿನೊಳಗೆ ತೊಳೆಯುವುದು, ನೀರು ಹಾಕಿ ಉಜ್ಜುವುದು, ಬಫಿಂಗ್, ಜೆಲ್‌ಕೋಟ್ ತುಂಬುವುದನ್ನು ಮಾತ್ರ ಮಳೆ ಬಿಟ್ಟು ಎರಡು ಮೂರು ದಿನ ಒಣ ಹವೆ ಇದ್ದಾಗ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ನೆರಳಿನಲ್ಲಿ. ಅವಸರ ಇಲ್ಲದವರಿಗೆ ಡಿಸೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಆರುವ ತನಕ ಕಾದರೆ ಆಯಿತು. ಮಂಡ್ಯದ ಕಡೆ ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಹಾಕುವ ದಿನ ಹೊರಗೆ ಜೆಲ್‌ಕೋಟ್ ಹಚ್ಚಬೇಡಿ. ಗಾಳಿಯಲ್ಲಿ ತೇಲಿ ಬರುವ ಮಸಿ ಇನ್ನೂ ಹಸಿಯಾಗಿರುವ ಜೆಲ್‌ಕೋಟ್ ಮೇಲೆ ಕೂತರೆ ಒಳಗೇ ಹೂತುಹೋಗುತ್ತದೆ.

ಈ ಕೆಲಸವನ್ನು ನೀರಿನ ಅಂಚಿನಲ್ಲಿ ಮಾಡಲೇಬಾರದು. ಉಜ್ಜಿದಾಗ ಹರಿಯುವ ಹಾಲಿನಂಥ ನೀರಿನಲ್ಲಿ ಪ್ಲಾಸ್ಟಿಕ್ ಪುಡಿ, ಬಣ್ಣ ಎಲ್ಲ ಇರುತ್ತದೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣ. ಕೊಕ್ಕರೆ ಮರಿಗೆ ಮೀನು ಹಿಡಿಯುವ ನೀರಿಗೆ ಈ ಕೆಸರು ಸೇರಬಾರದು. ಕಾರಂಜಿ ಕೆರೆಗೂ, ಊರಿನ ಯಾವ ಕೆರೆಗೂ ಅಷ್ಟೇ. ದೋಣಿಯನ್ನು ದಡದಿಂದ ದೂರ ಒಯ್ದು, ಹಳೇ ಟೈರುಗಳ ಮೇಲೆ ಕವುಚಿ, ಕೆಳಗೆ ಟಾರ್ಪಾಲು ಹಾಸಿ. ಕೂಡಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಉಳಿದ ಕೆಸರನ್ನು ಒಣಗಿಸಿ ಒಣ ಕಸಕ್ಕೆ ಕೊಡಿ.

ಸಾಮಾನು

14 ಅಡಿಯ ಒಂದು ದೋಣಿಯ ಹೊರಮೈ ಹೆಚ್ಚು ಕಡಿಮೆ 8 ಚದರ ಮೀಟರ್. ಅದಕ್ಕೆ 800, 1000, 1500ರ ವಾಟರ್ ಪೇಪರ್ ತಲಾ ಎಂಟು ಹಾಳೆ, ತುಂಬಿದ ಜಾಗಗಳಿಗೆಂದು 320, 400, 600 ತಲಾ ಎರಡು ಹಾಳೆ, ಗಟ್ಟಿ ರಬ್ಬರ್ ಬ್ಲಾಕ್, ಅರ್ಧ ಕೆ.ಜಿ. ರಬ್ಬಿಂಗ್ ಕಾಂಪೌಂಡ್ (ಮೈಯನ್ನು ನಯವಾಗಿ ಸವೆಸುವ ಪೇಸ್ಟ್), ಕಾಲು ಲೀಟರ್ ನಯ ಪಾಲಿಶ್, 200 ಗ್ರಾಂ ಪೇಸ್ಟ್ ವ್ಯಾಕ್ಸ್, ಎರಡು ಉಣ್ಣೆ ಪ್ಯಾಡ್, ಒಂದು ಸ್ಪಂಜಿನ ಪ್ಯಾಡ್, ಹತ್ತು ಹನ್ನೆರಡು ಮೈಕ್ರೋಫೈಬರ್ ಬಟ್ಟೆ ಬೇಕು. ಇವೆಲ್ಲ ಕಾರಿನ ಬಣ್ಣದ ಅಂಗಡಿಯಲ್ಲೇ ಸಿಗುತ್ತವೆ. ಜೆಲ್‌ಕೋಟ್ ಅರ್ಧ ಕೆ.ಜಿ. ಸಾಕು. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಡಬ್ಬಿ ತೆಗೆಸಿ ಕಲಕಿ ನೋಡಿ. ತಳದಲ್ಲಿ ಲೋಳೆಯಂಥ ಗಂಟು ಕಂಡರೆ ಹಳೆಯದು, ಬೇಡ. ಅದು ಗಟ್ಟಿಯಾಗಲು ಬೆರೆಸುವ ಕ್ಯಾಟಲಿಸ್ಟ್ ಎಂದರೆ ಎಂಇಕೆಪಿ ಎಂಬ ದ್ರವ. ಸೂಜಿ ಇಲ್ಲದ 2 ಮಿ.ಲೀ. ಸಿರಿಂಜ್, ರಬ್ಬರ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಮಾಸ್ಕ್ ಇಲ್ಲದೆ ಅದರ ಮುಚ್ಚಳ ತೆಗೆಯಬೇಡಿ.

ಯಂತ್ರದ ಬಗ್ಗೆ ಒಂದು ಮಾತು. ಮನೆಯಲ್ಲಿರುವ ನಾಲ್ಕು ಇಂಚಿನ ಗ್ರೈಂಡರಿಗೇ ಉಣ್ಣೆ ಪ್ಯಾಡ್ ಸಿಕ್ಕಿಸುವವರು ಬಹಳ. ಅದು ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುತ್ತದೆ. ಜೆಲ್‌ಕೋಟ್ ಕ್ಷಣದಲ್ಲಿ ಕಾದು ಹಳದಿಯಾಗಿ ಸುಡುತ್ತದೆ. ಆ ಕಲೆ ಹೋಗುವುದಿಲ್ಲ. ವೇಗ ಬದಲಿಸಬಹುದಾದ, 1,000ದಿಂದ 2,000 ಸುತ್ತಿನಲ್ಲಿ ಓಡುವ ಪಾಲಿಶರ್ ಬಾಡಿಗೆಗಾದರೂ ತನ್ನಿ.

ತೊಳೆಯುವುದು

ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಚಮಚ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಹಕ್ಕಿ ಹಿಕ್ಕೆ ಒಣಗಿದ್ದರೆ ಕೆರೆಯಬೇಡಿ. ಅದರಲ್ಲಿ ಗಟ್ಟಿ ಹರಳು, ಮರಳಿನ ಕಣ ಇರುತ್ತವೆ. ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ಬಿಟ್ಟರೆ ತಾನೇ ಏಳುತ್ತದೆ. ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಲೆಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ನೀರಿನ ಮಟ್ಟದಲ್ಲಿ ಚಹಾ ಬಣ್ಣದ ಗೆರೆ, ಬೋಲ್ಟಿನ ಕೆಳಗೆ ತುಕ್ಕಿನ ಧಾರೆ ಇದ್ದರೆ ಆಕ್ಸಾಲಿಕ್ ಆಸಿಡ್ ಪುಡಿ, ಲೀಟರ್ ನೀರಿಗೆ 50 ಗ್ರಾಂ. ಅದು ವಿಷ, ಕೈಗವಸು ಹಾಕಿ, ಹತ್ತು ನಿಮಿಷ ಬಿಟ್ಟು ಧಾರಾಳ ನೀರಿನಿಂದ ತೊಳೆಯಿರಿ. ಇವಾವುದರ ಜೊತೆಗೂ ಬ್ಲೀಚಿಂಗ್ ಪುಡಿ ಸೇರಿಸಬಾರದು, ಕ್ಲೋರಿನ್ ಗಾಳಿ ಏಳುತ್ತದೆ.

ಮೈ ಆರಿದ ಮೇಲೆ ಅಸಿಟೋನ್ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಹಿಂದೆಯೇ ಇನ್ನೊಂದು ಒಣ ಬಟ್ಟೆ ಎಳೆಯಿರಿ. ಹಳೇ ವ್ಯಾಕ್ಸ್ ಉಳಿದುಬಿಟ್ಟರೆ ಕಾಗದ ಅದನ್ನೇ ಗೀರಿನೊಳಕ್ಕೆ ತುರುಕುತ್ತದೆ. ದೋಣಿಗೆ ಹಿಂದೆ ಯಾರಾದರೂ ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ದರೆ ಮೂರು ಸಲ ಒರೆಸಿ. ಅವುಗಳಲ್ಲಿನ ಸಿಲಿಕೋನ್ ಇರುವ ಕಡೆ ಹೊಸ ಜೆಲ್‌ಕೋಟ್ ಕೂರದೆ, ಎಣ್ಣೆ ಬಾಣಲೆಗೆ ಬಿದ್ದ ನೀರಿನಂತೆ ಕುಳಿ ಕುಳಿಯಾಗಿ ಸರಿಯುತ್ತದೆ.

ಆಳದ ಗೀರು ತುಂಬುವುದು

ಇಡೀ ಕೆಲಸದಲ್ಲಿ ಕೆಟ್ಟರೆ ಹೆಚ್ಚು ಕೆಡುವ ಭಾಗ ಇದು. ಮೊದಲು ಗೀರನ್ನು ಅಗಲ ಮಾಡಬೇಕು. ಕೇಳಲು ವಿಚಿತ್ರ, ಆದರೆ ಕೂದಲೆಳೆಯಂಥ ಗೀರಿನೊಳಗೆ ಜೆಲ್‌ಕೋಟ್ ಇಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಒಳಗೆ ಗಾಳಿ ಉಳಿದು, ಉಜ್ಜುವಾಗ ಸಾಲಾಗಿ ತೂತು ಬಿಡುತ್ತದೆ. ತ್ರಿಕೋನ ಅರದ ಮೂಲೆಯನ್ನು ಗೀರಿನುದ್ದಕ್ಕೂ ಎಳೆದು, ಉಳುಮೆಯ ಸಾಲಿನಂತೆ ಮೇಲೆ ಅಗಲ, ಕೆಳಗೆ ಕಿರಿದಾಗುವ ಹಾಗೆ ತೆರೆಯಿರಿ. ಅಂಚು 45 ಡಿಗ್ರಿಯಷ್ಟು ಇಳಿಜಾರಾಗಿರಲಿ. ಒಳಮೈಗೆ 320ರ ಕಾಗದ ತೋರಿಸಿ, ಅಸಿಟೋನಿನಿಂದ ಒರೆಸಿ, ಎರಡೂ ಬದಿಗೆ 3 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಗಾಯ ನಾರಿನ ತನಕ ಇಳಿದಿದ್ದರೆ ಒಂದೆರಡು ದಿನ ಒಣ ಗಾಳಿಗೆ ಬಿಡಿ. ಒದ್ದೆ ನಾರಿನ ಮೇಲೆ ಹಚ್ಚಿದ್ದು ಬೇಸಿಗೆಯಲ್ಲಿ ಗುಳ್ಳೆಯಾಗಿ ಏಳುತ್ತದೆ.

ಒಂದು ಮಿಲಿಮೀಟರಿಗಿಂತ ಆಳದ ಗುಂಡಿಯನ್ನು ಬರೀ ಜೆಲ್‌ಕೋಟಿನಿಂದ ತುಂಬಬಾರದು, ದಪ್ಪಗೆ ಬಿದ್ದರೆ ಕುಗ್ಗಿ ಸೀಳುತ್ತದೆ. ತಳಕ್ಕೆ ಗಾಜಿನ ನಾರಿನ ಪುಡಿ ಬೆರೆಸಿದ ರೆಸಿನ್ ಹಾಕಿ, ಮೇಲಿನ ಅರ್ಧ ಮಿಲಿಮೀಟರ್ ಮಾತ್ರ ಜೆಲ್‌ಕೋಟಿಗೆ ಬಿಡಿ. ಕಾರಿನ ಪುಟ್ಟಿ ಬಳಸುವವರಿದ್ದಾರೆ. ನೀರಿನ ಗೆರೆಗಿಂತ ಮೇಲೆ ಹೇಗೋ ನಡೆಯುತ್ತದೆ. ಕೆಳಗೆ ಬೇಡ, ಅದರಲ್ಲಿನ ಟಾಲ್ಕ್ ನೀರು ಹೀರಿ ಊದಿಕೊಂಡು, ಒಂದೇ ಮಳೆಗಾಲಕ್ಕೆ ಬಿಲ್ಲೆಯಂತೆ ಕಳಚಿ ಬೀಳುತ್ತದೆ.

ಒಂದು ಸಲಕ್ಕೆ 50 ಗ್ರಾಂ ಜೆಲ್‌ಕೋಟಿಗಿಂತ ಹೆಚ್ಚು ಕಲಸಬೇಡಿ. ಅದಕ್ಕೆ ಎಂಇಕೆಪಿ 0.75ರಿಂದ 1 ಮಿ.ಲೀ., ಅಂದರೆ ಶೇ. 1.5ರಿಂದ 2. ಮೈಸೂರಿನ 28 ಡಿಗ್ರಿ ಮಧ್ಯಾಹ್ನಕ್ಕೆ ಕಡಿಮೆ ಅಳತೆ, ತಂಪು ದಿನಕ್ಕೆ ಹೆಚ್ಚು. ಹನಿ ಎಣಿಸಬೇಡಿ, ಸಿರಿಂಜಿನಲ್ಲಿ ಅಳೆಯಿರಿ. ಕಡಿಮೆಯಾದರೆ ಎಂದೆಂದಿಗೂ ಮೆತ್ತಗೆ ಉಳಿಯುತ್ತದೆ. ಹೆಚ್ಚಾದರೆ ಕಾದು, ಪೆಡಸಾಗಿ, ಬಣ್ಣ ತಿರುಗುತ್ತದೆ. ಕಾಗದದ ಲೋಟದಲ್ಲಿ, ಗುಳ್ಳೆ ಏಳದಂತೆ ನಿಧಾನವಾಗಿ, ಅಂಚು ತಳ ಕೆರೆಯುತ್ತ ಪೂರ್ತಿ ಒಂದು ನಿಮಿಷ ಕಲಸಿ. ಥರ್ಮಾಕೋಲ್ ಲೋಟವನ್ನು ಜೆಲ್‌ಕೋಟಿನ ಸ್ಟೈರೀನ್ ಕರಗಿಸಿಬಿಡುತ್ತದೆ. ಹತ್ತು ನಿಮಿಷದೊಳಗೆ ಹಚ್ಚಿ ಮುಗಿಸಿ. ಲೋಟದಲ್ಲಿ ಕದಡಿದ ಮೊಸರಿನಂತೆ ಗಂಟು ಕಂಡ ತಕ್ಷಣ ಉಳಿದದ್ದನ್ನು ಬಿಟ್ಟುಬಿಡಿ.

ಈಗ ಎಚ್ಚರಿಕೆ. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ರೆಸಿನ್ ಜೊತೆಗೆ ಕೋಬಾಲ್ಟ್ ಎಂಬ ನೇರಳೆ ದ್ರವ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಎಂಇಕೆಪಿ ಹಾಕಿ. ಆ ಎರಡು ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿಯುತ್ತವೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೂಬಾರದು.

ಗೀರಿನ ಒಂದು ತುದಿಯಿಂದ ಜೆಲ್‌ಕೋಟ್ ಸುರಿಯುತ್ತ ಮುಂದೆ ಸರಿಯಿರಿ, ಗಾಳಿ ಮುಂದಿನಿಂದ ಹೊರಹೋಗುತ್ತದೆ. ಅದು ಗಟ್ಟಿಯಾಗುವಾಗ ಕುಗ್ಗುವುದರಿಂದ ಸುತ್ತಲಿನ ಮೈಗಿಂತ ಕೂದಲಷ್ಟು ಉಬ್ಬಾಗಿಯೇ ಇರಲಿ. ಗಾಳಿ ತಾಗಿದ ಜೆಲ್‌ಕೋಟ್ ಮೇಲ್ಮೈ ಎಷ್ಟು ದಿನ ಕಾದರೂ ಜಿಗುಟಾಗಿಯೇ ಇರುತ್ತದೆ, ಆಮ್ಲಜನಕ ಅದರ ಗಟ್ಟಿಯಾಗುವಿಕೆಯನ್ನು ತಡೆಯುತ್ತದೆ. ಇದು ತಿಳಿಯದೆ ‘ಮಾಲು ಕಳಪೆ’ ಎಂದು ಬೈದು ಕೆರೆದು ತೆಗೆಯುವವರು ಅನೇಕರು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಓಎಚ್‌ಪಿ ಶೀಟನ್ನು ಅಳತೆಗೆ ಕತ್ತರಿಸಿ, ಒಂದು ಬದಿಯಿಂದ ಗುಳ್ಳೆ ಉಳಿಯದಂತೆ ಒತ್ತುತ್ತ ಮೇಲೆ ಹೊದಿಸಿ, ಟೇಪ್ ಹಾಕಿ. ಮರುದಿನ ಶೀಟು ಸುಲಿದರೆ ಕೆಳಗೆ ಗಾಜಿನಂಥ ಗಟ್ಟಿ ಮೈ ಸಿಗುತ್ತದೆ. ಸಿಗದಿದ್ದರೆ ಇನ್ನೊಂದು ದಿನ ಬಿಡಿ. ಹಸಿಯಾಗಿರುವಾಗ ಉಜ್ಜಿದರೆ ಅಂಚು ಕಿತ್ತು ಬರುತ್ತದೆ.

ಬಣ್ಣ ಹೊಂದಿಸುವ ಗುಟ್ಟು: ಮೊದಲು ಗೀರಿನ ಪಕ್ಕದ ಒಂದು ಅಂಗೈ ಜಾಗವನ್ನು ಕಾಂಪೌಂಡ್ ಹಾಕಿ ಹೊಳಪು ಮಾಡಿಕೊಂಡು, ಆ ಬಣ್ಣಕ್ಕೆ ಹೊಂದಿಸಿ. ಮಾಸಿದ ಮೈಗೆ ಹೊಂದಿಸಿದರೆ ಕೊನೆಯಲ್ಲಿ ದೋಣಿಯೆಲ್ಲ ಹೊಳೆದಾಗ ತೇಪೆಗಳಷ್ಟೇ ಮಂಕಾಗಿ ಎದ್ದು ಕಾಣುತ್ತವೆ.

ನೀರು ಹಾಕಿ ಉಜ್ಜುವುದು

ತುಂಬಿದ ಜಾಗವನ್ನು ಬ್ಲಾಕಿಗೆ ಸುತ್ತಿದ 320, ನಂತರ 400, 600ರ ಕಾಗದದಿಂದ ಮಟ್ಟ ಮಾಡಿ. ಬರಿ ಬೆರಳಿನಲ್ಲಿ ಒತ್ತಿದರೆ ಬೆರಳಿನ ಗಾತ್ರದ ಹಳ್ಳ ಬೀಳುತ್ತದೆ, ಅದು ಬಿಸಿಲಿಗೆ ತಿರುಗಿಸಿದಾಗಲೇ ಕಾಣುವುದು.

ಉಳಿದ ಮೈಗೆ ಬರೀ ಸೀಮೆಸುಣ್ಣದಂಥ ಬಿಳಿ ಪುಡಿ ಇದ್ದರೆ ಕಾಗದ ಬೇಡವೇ ಬೇಡ, ನೇರ ಕಾಂಪೌಂಡಿಗೆ ಹೋಗಿ. ಎರಡು ಅಡಿ ಚೌಕದಲ್ಲಿ ಮಾಡಿ ನೋಡಿ, ಹೊಳಪು ಬಂದರೆ ಗೆದ್ದಿರಿ. ಬಾರದಿದ್ದರೆ 1000, 1500. ಸಣ್ಣ ಗೀರು ತುಂಬಾ ಇದ್ದರೆ ಮಾತ್ರ 800ರಿಂದ ಶುರು. ಇಡೀ ಮೈಗೆ ಅದಕ್ಕಿಂತ ಒರಟಾದುದು ಹಿಡಿಯಬಾರದು.

ಕಾಗದವನ್ನು ಹದಿನೈದು ನಿಮಿಷ ನೆನೆಸಿ, ನೀರಿಗೆ ನಾಲ್ಕು ಹನಿ ಸೋಪು ಹಾಕಿ. ಸೀಸದ ಕಡ್ಡಿಯಿಂದ ಮೈಮೇಲೆ ತೆಳುವಾಗಿ ಗೆರೆ ಎಳೆದುಕೊಳ್ಳಿ. ಗೆರೆ ಎಲ್ಲೆಡೆ ಮಾಯವಾದಾಗ ಆ ಸುತ್ತು ಮುಗಿಯಿತು. ತಗ್ಗಿನಲ್ಲಿ ಗೆರೆ ಉಳಿದಿದ್ದರೆ ಅಲ್ಲಿಗಿನ್ನೂ ಕಾಗದ ಮುಟ್ಟಿಲ್ಲ. ಒಂದು ಕಾಗದ ಉದ್ದಕ್ಕೆ ಓಡಿದ್ದರೆ ಮುಂದಿನದು ಅಡ್ಡಕ್ಕೆ ಓಡಲಿ, ಹಿಂದಿನ ಗೀರು ಹೋಯಿತೋ ಇಲ್ಲವೋ ಆಗ ಗೊತ್ತಾಗುತ್ತದೆ. ಕಾಗದ ತೊಳೆಯಲು ಒಂದು ಬಕೆಟ್, ಮೈ ತೊಳೆಯಲು ಇನ್ನೊಂದು. ಒಂದೇ ಬಕೆಟ್ಟಿನಲ್ಲಿ ಎಲ್ಲ ಅದ್ದಿದರೆ ತಳದಲ್ಲಿ ಕೂತ ಒಂದು ಮರಳಿನ ಕಾಳು 1500ರ ಕಾಗದದಡಿ ಸೇರಿ, ಹಂದಿ ಬಾಲದಂಥ ಸುರುಳಿ ಗೀರು ಕೊರೆದು ಅರ್ಧ ದಿನದ ಕೆಲಸ ಹಾಳು ಮಾಡುತ್ತದೆ. ಅಂಚು, ಮೂಲೆಗಳಿಗೆ ಮೊದಲೇ ಟೇಪ್ ಅಂಟಿಸಿ, ಕೊನೆಗೆ ಕೈಯಿಂದ ಎರಡೇ ಸಲ ಸವರಿ.

ಕಾಂಪೌಂಡ್, ಪಾಲಿಶ್

ಎರಡು ಅಡಿ ಚೌಕಕ್ಕೆ ಅವರೆಕಾಳಿನಷ್ಟು ಗಾತ್ರದ ನಾಲ್ಕೈದು ಬೊಟ್ಟು ಕಾಂಪೌಂಡ್ ಇಟ್ಟು, ಯಂತ್ರ ನಿಂತಿರುವಾಗಲೇ ಪ್ಯಾಡಿನಿಂದ ಹರಡಿ, ಆಮೇಲೆ 1,200 ಸುತ್ತಿಗೆ ಹಚ್ಚಿ. ಯಂತ್ರದ ಭಾರವೇ ಸಾಕು, ಒತ್ತಬೇಡಿ. ಒಂದೇ ಕಡೆ ನಿಲ್ಲಿಸಬೇಡಿ. ಆಗಾಗ ಮೊಣಕೈ ಹಿಂಭಾಗ ತಾಗಿಸಿ ನೋಡಿ: ಬೆಚ್ಚಗಿದ್ದರೆ ಸರಿ, ಇಟ್ಟುಕೊಳ್ಳಲಾಗದಷ್ಟು ಸುಟ್ಟರೆ ನಿಲ್ಲಿಸಿ ನೀರು ಸಿಂಪಡಿಸಿ. ಪ್ರತಿ ಚೌಕ ಮುಗಿದಾಗ ಉಣ್ಣೆಗೆ ಮೆತ್ತಿದ ಗಟ್ಟಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ. ಒಣಗಿದ ಕಾಂಪೌಂಡ್ ಹೊಸ ಗೀರು ಹಾಕುತ್ತದೆ. ಬಿಸಿಲಿನಲ್ಲಿ ಈ ಕೆಲಸ ಬೇಡ.

ಮುಗಿಯಿತೇ ಎಂದು ತಿಳಿಯಲು ದಿನಪತ್ರಿಕೆಯೇ ಅಳತೆಗೋಲು. ಪತ್ರಿಕೆಯನ್ನು ದೋಣಿಯ ಪಕ್ಕದಿಂದ ಒಂದು ಅಡಿ ದೂರ ಹಿಡಿಯಿರಿ. ತಲೆಬರಹದ ಅಕ್ಷರ ತಿರುಗುಮುರುಗಾಗಿಯಾದರೂ ಒತ್ತು, ಕೊಂಬಿನ ಸಮೇತ ಬಿಡಿಬಿಡಿಯಾಗಿ ಮೂಡಿದರೆ ಕಾಂಪೌಂಡ್ ಸಾಕು. ಕರಿ ಪಟ್ಟಿಯಾಗಿ ಮಾತ್ರ ಕಂಡರೆ ಕಾಗದದ ಗೀರು ಇನ್ನೂ ಉಳಿದಿದೆ. ಕಾಂಪೌಂಡಿನಲ್ಲೇ ಗುದ್ದಾಡದೆ 1500ರ ಕಾಗದಕ್ಕೆ ಒಂದು ಹೆಜ್ಜೆ ಹಿಂದೆ ಹೋಗಿ. ಆಮೇಲೆ ಸ್ಪಂಜಿನ ಪ್ಯಾಡಿನಲ್ಲಿ ನಯ ಪಾಲಿಶ್ ಒಂದು ಸುತ್ತು. ಕಡುನೀಲಿ, ಕೆಂಪು ದೋಣಿಗೆ ಇದನ್ನು ಬಿಡಬೇಡಿ; ಬಿಳಿಯದಕ್ಕೆ ಬಿಟ್ಟರೂ ಅಷ್ಟು ತಿಳಿಯುವುದಿಲ್ಲ.

ವ್ಯಾಕ್ಸ್

ಉಜ್ಜಿದ ಜೆಲ್‌ಕೋಟ್ ಸುಲಿದ ಚರ್ಮದಂತೆ, ಕಾಪು ಇಲ್ಲದಿದ್ದರೆ ಹಿಂದಿಗಿಂತ ಬೇಗ ಪುಡಿಯಾಗುತ್ತದೆ. ಪೇಸ್ಟ್ ವ್ಯಾಕ್ಸ್ ಅನ್ನು ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಒರೆಸಿ, ಒಂದು ಗಂಟೆ ಬಿಟ್ಟು ಇನ್ನೊಂದು ಕೋಟ್ ಕೊಡಿ. ದಪ್ಪ ಒಂದು ಕೋಟಿಗಿಂತ ತೆಳು ಎರಡು ಮೇಲು. ಜನ ಕಾಲಿಡುವ ಅಟ್ಟಣೆ, ಮೆಟ್ಟಿಲು, ಸೀಟಿಗೆ ಮಾತ್ರ ವ್ಯಾಕ್ಸ್ ತಾಗಲೇಬಾರದು. ಒದ್ದೆ ಚಪ್ಪಲಿಯಲ್ಲಿ ಹತ್ತುವ ಮಗು ಜಾರಿದರೆ ನೇರ ನೀರಿಗೆ.

ನಮ್ಮ ಬಿಸಿಲಿಗೆ ವ್ಯಾಕ್ಸ್ ಬಾಳುವುದು ಮೂರು ತಿಂಗಳ ಆಸುಪಾಸು. ರಾತ್ರಿ, ಬಿಡುವಿನ ದಿನಗಳಲ್ಲಿ ಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಹಾಳೆ ಮೈಗೆ ಅಂಟುವಂತೆ ಬಿಗಿದರೆ ಒಳಗೆ ಬೆವರಿ ಬಿಳಿ ಕಲೆ ಬೀಳುತ್ತದೆ. ತಿಂಗಳಿಗೊಮ್ಮೆ ಒಂದು ಚೊಂಬು ನೀರು ಪಕ್ಕಕ್ಕೆ ಎರಚಿ ನೋಡಿ. ಕೆಸುವಿನ ಎಲೆ ಮೇಲಿನಂತೆ ನೀರು ಮಣಿಮಣಿಯಾಗಿ ಉರುಳಿದರೆ ವ್ಯಾಕ್ಸ್ ಇದೆ. ಹಾಳೆಯಂತೆ ಹರಡಿ ಅಂಟಿ ನಿಂತರೆ ಮುಗಿದಿದೆ. ತೊಳೆದು, ಒಣಗಿಸಿ, ಮತ್ತೊಂದು ಕೋಟ್ ವ್ಯಾಕ್ಸ್ ಹಚ್ಚಿ. ಕಾಂಪೌಂಡ್ ಡಬ್ಬಿ ಕಪಾಟಿನಲ್ಲೇ ಇರಲಿ.